ಅಗ್ಗದ ಕಂಪ್ಯೂಟರೋ, ಬಿಡಿಭಾಗ ಕೂಡಿಸಿದ ಕಂಪ್ಯೂಟರೋ?

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾವು ಎಸ್ಸೆಸ್ಸೆಲ್ಸಿ ಓದಿ ಹೊಲಕ್ಕೆ ಇಳಿದವರು. ಕಂಪ್ಯೂಟರ್ ವಿಷಯ ಮಾತಾಡೋಕೆ ಇವರ್ಯಾರು ಅಂತ ನೀವು ಕೇಳಿದರೆ ತಪ್ಪಿಲ್ಲ. ಆದರೆ ಈ ಸಭೆಯಲ್ಲಿ ಯಾವ ವಿಷಯ ಹೇಳೋಣ ಅಂತ ಕೇಳಿದಾಗ ಅಧ್ಯಕ್ಷರು, "ಸಂಘಕ್ಕೆ ಕಂಪ್ಯೂಟರ್ ತಂದ ಕಥೆ ಹೇಳಿಬಿಡಿ, ಸುತ್ತಮುತ್ತಲ ಸಂಘದವರು ಬಂದಾಗಲೆಲ್ಲ ಅದನ್ನೇ ಕೇಳ್ತಾರೆ" ಅಂದರು. ನಿಜವೇ. ಎಷ್ಟಕ್ಕೆ ಬಂತು, ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಆಗುತ್ತಾ, ಬಿಡಿಭಾಗ ತಂದು ಕೂಡಿಸಿದ್ರೆ ಉಳಿಯುತ್ತಾ ಅಂತ ಕೇಳದವರಿಲ್ಲ. ನಾವು ಎರಡನ್ನೂ ಮಾಡಿ ನೋಡಿದ್ದೇವೆ. ಒಂದರಲ್ಲಿ ಪೆಟ್ಟು ತಿಂದೆವು, ಇನ್ನೊಂದರಲ್ಲಿ ಪಾಠ ಕಲಿತೆವು. ಮುಚ್ಚುಮರೆ ಇಲ್ಲದೆ ಹೇಳುತ್ತೇವೆ.

ಸಂಘ ಶುರುವಾದಾಗ ಲೆಕ್ಕವೆಲ್ಲ ಉದ್ದನೆಯ ರಿಜಿಸ್ಟರಿನಲ್ಲಿ ಇತ್ತು. ಆ ಕಾಲಕ್ಕೆ ಕಂಪ್ಯೂಟರ್ ಅಂದರೆ ನಮಗೆ ಗೊತ್ತಿದ್ದದ್ದು ತಾಲ್ಲೂಕು ಕಚೇರಿಯ 'ಭೂಮಿ' ಕಿಟಕಿ ಒಂದೇ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. 'ಕಂಪ್ಯೂಟರ್ ಬರೆದದ್ದು ಅಳಿಯೋದಿಲ್ಲ' ಎನ್ನುವ ನಂಬಿಕೆ ನಮ್ಮ ಜನಕ್ಕೆ ಹುಟ್ಟಿದ್ದು ಅಲ್ಲಿಂದ. ಆ ನಂಬಿಕೆಯಿಂದಲೇ ನಾವು ಒಮ್ಮೆ ಕೆಟ್ಟೆವು.

ಈಗ ನಮ್ಮ ಡೈರಿಯಲ್ಲಿ ತೂಕದ ಯಂತ್ರ, ಜಿಡ್ಡು ನೋಡುವ ಯಂತ್ರ ಎರಡೂ ಕಂಪ್ಯೂಟರಿಗೆ ಸೇರಿವೆ. ಹಾಲು ಹಾಕಿದ ಕೂಡಲೇ ಲೀಟರು, ಜಿಡ್ಡು, ಎಸ್.ಎನ್.ಎಫ್., ದರ, ಹಣ ಎಲ್ಲ ಚೀಟಿಯಲ್ಲಿ ಬರುತ್ತದೆ. ಬಟವಾಡೆಯ ಲೆಕ್ಕವೂ ಅದರಲ್ಲೇ. ಆ ಪೆಟ್ಟಿಗೆ ಒಂದು ಹೊತ್ತು ನಿಂತರೆ ಊರಿನ ಲೆಕ್ಕ ನಿಂತಂತೆ. ಕೃಷಿ ಪತ್ತಿನ ಸಂಘಗಳಿಗಾದರೆ 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಮ್ಮ ಹಾಲಿನ ಸಂಘ ಮಾತ್ರ ಸ್ವಂತ ಹಣದಿಂದ, ಸ್ವಂತ ಬುದ್ಧಿಯಿಂದಲೇ ಕೊಳ್ಳಬೇಕಾಯ್ತು. ಆಗ ಹಣವೂ ಕಡಿಮೆ, ಬುದ್ಧಿಯೂ ಕಡಿಮೆ.

ಮೊದಲನೆಯದು 2018ರಲ್ಲಿ ತಂದದ್ದು. ಬೆಂಗಳೂರಿನ ಯಾವುದೋ ಕಚೇರಿ ಹೊರಹಾಕಿದ ಹಳೇ ಮಾಲು. ಪರಿಚಯದವರೊಬ್ಬರ ಕಡೆಯಿಂದ ಹನ್ನೊಂದು ಸಾವಿರಕ್ಕೆ ಬಂತು. ಹೊಸದಕ್ಕೆ ಮೂವತ್ತೈದು ಸಾವಿರದ ಕೊಟೇಶನ್ ಇತ್ತು. ಮಂಡಳಿ ಸಭೆಯಲ್ಲಿ ಹಿರಿಯ ನಿರ್ದೇಶಕರೊಬ್ಬರು "ಯೋಚನೆ ಮಾಡ್ರಪ್ಪ" ಅಂದರು. "ಸಂಘದ ದುಡ್ಡು ಉಳಿಸೋಣ ಅಣ್ಣಾ" ಅಂತ ಜೋರು ಮಾಡಿದವರು ನಾವೇ. ನಡಾವಳಿ ಪುಸ್ತಕದಲ್ಲಿ ಆ ಠರಾವು ಇವತ್ತಿಗೂ ಇದೆ.

ನಾವು ಸಿದ್ಧಗಂಗೆ ಜಾತ್ರೆಗೆ ಹೋದರೆ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡದೆ ವ್ಯಾಪಾರಕ್ಕೆ ಇಳಿಯಲ್ಲ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯ್ಗೂಡಿದ್ದೋ ನೋಡ್ತೀವಿ. ಸುಳಿ ನೋಡ್ತೀವಿ, ನಾಲ್ಕು ಹೆಜ್ಜೆ ನಡೆಸಿ ನೋಡ್ತೀವಿ. ಅಂಥ ನಾವು ಕಂಪ್ಯೂಟರ್ ತರುವಾಗ ಪರದೆ ಹತ್ತಿಕೊಂಡಿತು ಎನ್ನುವುದಷ್ಟನ್ನೇ ನೋಡಿ ದುಡ್ಡು ಎಣಿಸಿಬಿಟ್ಟೆವು.

ಎಂಟು ತಿಂಗಳು ಓಡಿತು. ಒಂದು ದಿನ ಬೆಳಗ್ಗೆ ಆರಕ್ಕೆ ಸ್ವಿಚ್ ಹಾಕಿದರೆ ಒಳಗಿನಿಂದ ಟಕ್ ಟಕ್ ಸದ್ದು, ಪರದೆ ಮೇಲೆ ಬಿಳಿ ಅಕ್ಷರ, ಅಷ್ಟೇ. ಹಾರ್ಡ್ ಡಿಸ್ಕ್ ಹೋಗಿತ್ತು. ಹಾರ್ಡ್ ಡಿಸ್ಕ್ ಅಂದರೆ ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗುವ ತಟ್ಟೆ. ಅದೂ ಸವೆಯುವ ವಸ್ತುವೇ. ಪೆನ್‌ಡ್ರೈವಿಗೆ ನಕಲು ತೆಗೆದು ಹದಿಮೂರು ದಿನವಾಗಿತ್ತು. ಬಟವಾಡೆಗೆ ಎರಡು ದಿನ ಉಳಿದಿತ್ತು. ಆ ಡಿಸ್ಕಿನಿಂದ ಲೆಕ್ಕ ಹೊರಗೆ ತೆಗೆಯೋಕೆ ಕೇಳಿದ ದುಡ್ಡು ಕಂಪ್ಯೂಟರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ.

ಊರಲ್ಲಿ ಮಾತು ಶುರುವಾಯ್ತು. "ಕಂಪ್ಯೂಟರ್ ಕೆಟ್ಟಿಲ್ಲ, ಕಾರ್ಯದರ್ಶಿ ಕೆಡಿಸಿದ್ದಾನೆ" ಅಂತ ಅರಳಿಕಟ್ಟೆ ಮೇಲೆ ಕೂತು ಆಡಿದರು. ಒಂದು ಪೈಸೆ ಮುಟ್ಟದ ಮನುಷ್ಯ ಅವರು. ಆ ದಿನ ಡೈರಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಅಗ್ಗದ ಮಾಲು ತರೋಣ ಅಂದವರು ನಾವು, ಬೈಗುಳ ಬಿದ್ದದ್ದು ಅವರಿಗೆ. ಇದು ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಇವತ್ತು ಎಲ್ಲರ ಎದುರಿಗೆ ಅವರಲ್ಲಿ ಕ್ಷಮೆ ಕೇಳುತ್ತೇವೆ.

ಉಳಿಸಿದವರು ನಮ್ಮ ಹೆಣ್ಣುಮಕ್ಕಳು. ಎರಡು ಎಮ್ಮೆ ಕಟ್ಟಿರುವ ಅಜ್ಜಿಯೊಬ್ಬರು ರಾಗಿ ಡಬ್ಬದಿಂದ ಚೀಟಿಗಳ ಕಟ್ಟು ತಂದು ಮೇಜಿನ ಮೇಲಿಟ್ಟು, "ನನಗೆ ಓದೋಕೆ ಬರಲ್ಲ ಕಣಪ್ಪ, ಅದಕ್ಕೇ ಒಂದನ್ನೂ ಬಿಸಾಕಿಲ್ಲ" ಅಂದರು. ಅವರನ್ನು ನೋಡಿ ಮನೆಮನೆಯಿಂದ ಚೀಟಿ ಬಂದವು. ಎರಡು ರಾತ್ರಿ ಕೂತು ಲೆಕ್ಕ ಕಟ್ಟಿದೆವು. ಹನ್ನೊಂದು ಮನೆಯವರ ಚೀಟಿ ಸಿಗಲಿಲ್ಲ. ಹಿಂದಿನ ವಾರದ ಸರಾಸರಿ ಹಾಕಿ, ವ್ಯತ್ಯಾಸ ಬಂದದ್ದನ್ನು ಮಂಡಳಿಯವರು ಕೈಯಿಂದ ಕೊಟ್ಟೆವು. ಆದರೂ ಮೂರು ಮನೆಯವರು ಖಾಸಗಿ ಡೈರಿಗೆ ಹೋದರು. ಅವರನ್ನು ವಾಪಸು ತರೋಕೆ ಒಂದು ವರ್ಷ ಬೇಕಾಯ್ತು. ಇಪ್ಪತ್ನಾಲ್ಕು ಸಾವಿರ ಉಳಿಸಿದೆವು ಅಂತ ಅಂದುಕೊಂಡಿದ್ದೆವು. ನಿಜಕ್ಕೂ ಏನು ಉಳಿಯಿತು ಅಂತ ನೀವೇ ಲೆಕ್ಕ ಹಾಕಿ.

ಅದಾದ ಮೇಲೆ ಸ್ವಲ್ಪ ದಿನ ಸಾಲ ತಂದ ಯಂತ್ರದಲ್ಲಿ ನಡೆಸಿದೆವು. 2021ರಲ್ಲಿ ಎರಡನೇ ದಾರಿ ಹಿಡಿದೆವು. ನಮ್ಮೂರಿನ ಡಿಪ್ಲೊಮಾ ಹುಡುಗ, "ಅಣ್ಣಾ, ಬಿಡಿಭಾಗ ತಂದು ನಾವೇ ಕೂಡಿಸೋಣ" ಅಂದ. ಬೆಳಗಿನ ಬಸ್ಸು ಹತ್ತಿ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ, ಎಲ್ಲರೂ ಎಸ್.ಪಿ. ರೋಡ್ ಅನ್ನುವಲ್ಲಿಗೆ, ಹೋದೆವು. ಒಂದೇ ಬೀದಿಯಲ್ಲಿ ಸಾಲಾಗಿ ಕಂಪ್ಯೂಟರ್ ಭಾಗಗಳ ಅಂಗಡಿ.

ಯಾವುದೋ ಕಂಪನಿಯ ಭಾಗ ಇನ್ಯಾವುದೋ ಕಂಪನಿಯದಕ್ಕೆ ಹೇಗೆ ಸೇರುತ್ತೆ ಅಂತ ನಾವು ಕೇಳಿದೆವು. 1981ರ ಆಗಸ್ಟ್‌ನಲ್ಲಿ ಅಮೆರಿಕದ ಐ.ಬಿ.ಎಂ. ಕಂಪನಿ ತನ್ನ ಪಿ.ಸಿ. ತಂದಾಗ ಎಲ್ಲವನ್ನೂ ತಾನೇ ಮಾಡಲಿಲ್ಲವಂತೆ. ಪ್ರೊಸೆಸರ್ ಇಂಟೆಲ್‌ನದು, ಒಳಗಿನ ತಂತ್ರಾಂಶ ಮೈಕ್ರೋಸಾಫ್ಟ್‌ನದು. ಒಳಗಿನ ರಚನೆಯ ವಿವರವನ್ನೂ ಪುಸ್ತಕ ಮಾಡಿ ಹೊರಗೆ ಕೊಟ್ಟಿತು. ಬೇರೆಯವರು ಅದೇ ಅಳತೆಗೆ ಭಾಗ ಮಾಡತೊಡಗಿದರು. ನಮ್ಮ ಬಡಗಿ ಗಾಡಿ ಕಟ್ಟುವಾಗ ಅಚ್ಚು ಒಂದು ಕಡೆಯದು, ಪಟ್ಟಿ ಇನ್ನೊಂದು ಕಡೆಯದು ತಂದು ಕೂಡಿಸುವ ಹಾಗೆಯೇ ಇದು.

ಬೇಕಾಗುವುದು ಇಷ್ಟು: ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಲೆಕ್ಕ ಉಳಿಯುವ ಎಸ್.ಎಸ್.ಡಿ., ಕರೆಂಟು ಹಂಚುವ ಎಸ್.ಎಂ.ಪಿ.ಎಸ್., ಕ್ಯಾಬಿನೆಟ್, ಮಾನಿಟರ್, ಕೀಬೋರ್ಡ್, ಮೌಸ್. ಆದರೆ ನೊಗಕ್ಕೆ ಎತ್ತಿನ ಜೋಡಿ ಸರಿಹೊಂದಬೇಕಾದ ಹಾಗೆ ಇವೂ ಹೊಂದಬೇಕು. ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್ 10ನೆಯದರ ಬೋರ್ಡಿನಲ್ಲಿ ಕೂರಲ್ಲ. ಡಿ.ಡಿ.ಆರ್.4 ರ‍್ಯಾಮ್ ಡಿ.ಡಿ.ಆರ್.5ರ ಸಂದಿಗೆ ಇಳಿಯಲ್ಲ. ನಾವೂ ಇಲ್ಲಿ ಎಡವಿದೆವು. 10100 ಎನ್ನುವ ಪ್ರೊಸೆಸರ್ ಬದಲು, ಒಂದಿಷ್ಟು ಉಳಿಯುತ್ತೆ ಅಂತ 10100ಎಫ್ ತಂದೆವು. ಊರಿಗೆ ಬಂದು ಕೂಡಿಸಿದರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. 'ಎಫ್' ಅಂದರೆ ಚಿತ್ರ ತೋರಿಸುವ ಭಾಗ ಒಳಗೆ ಇಲ್ಲ ಅಂತ ಅರ್ಥವಂತೆ. ಬದಲಾಯಿಸಿಕೊಂಡು ಬರಲು ಇನ್ನೊಂದು ದಿನ, ಇನ್ನೊಂದು ಬಸ್ ಚಾರ್ಜು.

ಹಾಗೆ ಕೂಡಿಸಿದ್ದು ಅಂಗಡಿಯ ಹೊಸದಕ್ಕಿಂತ ಕೆಲವು ಸಾವಿರ ಕಡಿಮೆಗೆ ಬಂತು, ಒಳಗಿನ ಸರಕೂ ಒಳ್ಳೇದು. ಒಂದು ವರ್ಷದ ಮೇಲೆ ಎಸ್.ಎಂ.ಪಿ.ಎಸ್. ಸುಟ್ಟಿತು. ಹುಡುಗ ಅಷ್ಟರಲ್ಲಿ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿದ್ದ. ಕೈಕಾಲು ಆಡಲಿಲ್ಲ. ಆದರೆ ಅದು ಎಲ್ಲ ಕಡೆ ಸಿಗುವ ಅಳತೆಯ ಭಾಗವಾದ್ದರಿಂದ ಮಧುಗಿರಿಯಲ್ಲೇ ಸಿಕ್ಕಿತು, ಸಂಜೆ ಹಾಲಿನ ಹೊತ್ತಿಗೆ ಯಂತ್ರ ನಡೆಯಿತು. ಆ ಕಂಪ್ಯೂಟರ್ ಇವತ್ತಿಗೂ ನಮ್ಮ ಡೈರಿಯಲ್ಲಿದೆ.

ಹಾಗಾದರೆ ಕೂಡಿಸಿದ್ದೇ ಮೇಲು ಅನ್ನೋಣವೇ? ಕಣ್ಣು ಮುಚ್ಚಿ ಹಾಗೆ ಹೇಳಲ್ಲ. ಕೂಡಿಸಿದ್ದರಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ವಾರಂಟಿ, ಒಂದೊಂದು ಬಿಲ್ಲು. ಕೆಟ್ಟಾಗ ಯಾವ ಭಾಗ ಕೆಟ್ಟಿದೆ ಅಂತ ಹೇಳುವವರು ಬೇಕು. ಕಂಪನಿಯ ಹೊಸದರಲ್ಲಿ ಎಲ್ಲಕ್ಕೂ ಒಬ್ಬರೇ ಜವಾಬ್ದಾರಿ, ಆದರೆ ಕೆಲವು ಮಾದರಿಗಳ ಎಸ್.ಎಂ.ಪಿ.ಎಸ್., ಬೋರ್ಡು ಅವರದೇ ಅಳತೆ, ಬೇರೆ ಕಡೆ ಸಿಗಲ್ಲ. ರಿಪೇರಿಯವರು ನಿಮ್ಮ ಊರಿಗೇ ಬರ್ತಾರಾ, ಎಷ್ಟು ದಿನದಲ್ಲಿ ಬರ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ. ಶಿರಾದವರಿಗೆ ಹೆದ್ದಾರಿ ಇದೆ. ಪಾವಗಡದ ಗಡಿ ಊರಿನವರಿಗೆ ತುಮಕೂರು ದೂರ, ಸುತ್ತ ಆಂಧ್ರ. ಒಂದೇ ವಾರಂಟಿ ಇಬ್ಬರಿಗೂ ಒಂದೇ ಬೆಲೆಯಲ್ಲ.

ಸೆಕೆಂಡ್ ಹ್ಯಾಂಡ್ ತರಬೇಡಿ ಅಂತಲೂ ನಾವು ಹೇಳಲ್ಲ. ಮನೆಯ ಮಕ್ಕಳ ಓದಿಗೆ ಸಾಕು. ಆದರೆ ಹಲ್ಲು ನೋಡಿ ತನ್ನಿ. ಪ್ರೊಸೆಸರ್ ನಂಬರೇ ಅದರ ಹಲ್ಲು. ಐ5 4570 ಅಂತಿದ್ದರೆ ಮೊದಲ ಅಂಕಿ ನೋಡಿ, 4ನೇ ತಲೆಮಾರು, 2013ರ ಮಾಲು. 8500 ಇದ್ದರೆ 8ನೆಯದು. 12400 ಅಂತ ಐದಂಕಿ ಇದ್ದರೆ 12ನೆಯದು. ಇದು ಯಾಕೆ ಬೇಕು ಅಂದರೆ, ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಈಚಿನದು, ಜೊತೆಗೆ ಟಿ.ಪಿ.ಎಂ. 2.0 ಇರಬೇಕು. ಆ ಕಾರಣಕ್ಕೆ ಹಳೆಯವು ಅಗ್ಗವಾಗಿ ಸಿಗಬಹುದು. ಅಗ್ಗ ಯಾಕಾಯ್ತು ಅಂತ ತಿಳಿದು ಕೊಳ್ಳಿ. ಡಿಸ್ಕು ಎಷ್ಟು ಗಂಟೆ ಓಡಿದೆ ಅಂತ ಉಚಿತ ತಂತ್ರಾಂಶ ಹಾಕಿ ನೋಡಬಹುದು, ಟ್ರ್ಯಾಕ್ಟರಿನ ಅವರ್ ಮೀಟರ್ ಇದ್ದ ಹಾಗೆ. ಹಳೇ ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಹೊಸ ಎಸ್.ಎಸ್.ಡಿ. ಹಾಕಿಸಿ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಯಂತ್ರದ ವೇಗವೂ ಹೆಚ್ಚುತ್ತದೆ. ಆದರೆ ಅದೂ ಒಂದು ದಿನ ಕೆಡಬಹುದು ಅನ್ನೋದು ನೆನಪಿರಲಿ.

ಬೆಲೆಯ ವಿಷಯದಲ್ಲಿ ಹಳೇ ನೆನಪು ನಂಬಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ಎ.ಐ. ಕೇಂದ್ರಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನಲ್ಲೆಲ್ಲ ಏರಿತು. ಅಂಥ ಹೊತ್ತಿನಲ್ಲಿ ಬಿಡಿಭಾಗದ ಮೊತ್ತ ಕೂಡಿಸಿ ನೋಡಿದರೆ ಕಂಪನಿಯ ಹೊಸದೇ ಕಡಿಮೆಗೆ ಬಂದರೂ ಬರಬಹುದು. ಮೂರು ಕೊಟೇಶನ್ ತರಿಸಿ, ಆ ದಿನದ ಲೆಕ್ಕ ಹಾಕಿ. "ಬಿಲ್ ಬೇಡ ಅಂದ್ರೆ ಶೇಕಡಾ 18 ಜಿ.ಎಸ್.ಟಿ. ಉಳಿಯುತ್ತೆ" ಅಂತ ಯಾರಾದರೂ ಅಂದರೆ ಕೈಮುಗಿದು ಎದ್ದು ಬನ್ನಿ. ಬಿಲ್ಲಿಲ್ಲದೆ ವಾರಂಟಿ ಇಲ್ಲ, ವರ್ಷದ ಲೆಕ್ಕಪರಿಶೋಧನೆಯಲ್ಲಿ ಉತ್ತರವೂ ಇಲ್ಲ.

ಇನ್ನು ಕರೆಂಟು. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ಹೆಮ್ಮೆಯೇ. ಆದರೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಾಗ ನಮ್ಮ ಡೈರಿ ಬಲ್ಬು ಇನ್ನೂ ಮಂಕಾಗುತ್ತೆ. ಆದ್ದರಿಂದ ಯಾವ ಕಂಪ್ಯೂಟರ್ ತಂದರೂ ಯು.ಪಿ.ಎಸ್. ಹಣವನ್ನು ಅದರ ಬೆಲೆಯಲ್ಲೇ ಸೇರಿಸಿ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿ, ಬೇಸಿಗೆಯಲ್ಲಿ ನೀರು ಬಿಡಿ. ಕ್ಯಾಬಿನೆಟ್ಟಿನ ಒಳಗೆ ಕೂರುವ ಧೂಳು ಆಗಾಗ ಊದಿಸಿ. ಇದಕ್ಕೆಲ್ಲ ಓದು ಬೇಕಿಲ್ಲ.

ಕೊನೆಯದಾಗಿ ಒಂದೇ ಮಾತು. ಕಂಪ್ಯೂಟರಿನ ಬೆಲೆ ಬಿಲ್ಲಿನಲ್ಲಿ ಬರೆದದ್ದಲ್ಲ. ಅದು ನಿಂತ ದಿನ ಗೊತ್ತಾಗುವುದೇ ಅದರ ಬೆಲೆ. ಮನೆಗಾದರೆ ಅಗ್ಗದ್ದನ್ನು ನೋಡಿ. ಹತ್ತಿರದಲ್ಲಿ ತಿಳಿದವರಿದ್ದರೆ ಕೂಡಿಸಿ. ಆದರೆ ಸಂಘಕ್ಕೆ ಕೊಳ್ಳುವಾಗ 'ಬೆಳಗ್ಗೆ ಆರಕ್ಕೆ ಇದು ನಿಂತರೆ ಸಂಜೆ ಆರರೊಳಗೆ ಯಾರು ಬಂದು ಎಬ್ಬಿಸುತ್ತಾರೆ?' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೇ ದುಡ್ಡು ಕೊಡಿ. ಯಾವುದನ್ನು ತಂದರೂ ಪ್ರತಿ ಸಂಜೆ ಲೆಕ್ಕದ ನಕಲು ಇನ್ನೊಂದು ಕಡೆ ಇರಲಿ. ನಮ್ಮ ಸಂಘದಲ್ಲಿ ಈಗ ಎರಡು ಪೆನ್‌ಡ್ರೈವ್ ಇವೆ, ಒಂದು ಕಾರ್ಯದರ್ಶಿಗಳ ಮನೆಯಲ್ಲಿ, ಒಂದು ಅಧ್ಯಕ್ಷರ ಮನೆಯಲ್ಲಿ. ತಾಯಂದಿರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಆ ರಾಗಿ ಡಬ್ಬದ ಚೀಟಿಗಳನ್ನು ಬಟವಾಡೆ ಆಗುವವರೆಗೆ ಬಿಸಾಕಬೇಡಿ.



ಜೈ ಸಹಕಾರ, ಜೈ ಕರ್ನಾಟಕ, ಜೈ ಹಿಂದ್.