ಬಾಗಿಲು ಮುಚ್ಚಿದಾಗ ಬರುವ ಹಲ್ಲುನೋವು

ಹಲ್ಲುನೋವಿಗೆ ವಾರದ ದಿನಗಳ ಪರಿಜ್ಞಾನ ಚೆನ್ನಾಗಿದೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ವೈದ್ಯನು ಬಾಗಿಲು ತೆರೆದು ಕೈತೊಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಅದು ಆರಂಭವಾದುದನ್ನು ನಾನು ಕಂಡದ್ದು ಅಪರೂಪ. ಶನಿವಾರ ರಾತ್ರಿ ಊಟ ಮುಗಿದು, ದೀಪವಾರಿಸಿ, ದಿಂಬಿಗೆ ತಲೆಯಿಟ್ಟ ಮೇಲೆ ಅದು ಎಚ್ಚರಗೊಳ್ಳುತ್ತದೆ. ತಾಲ್ಲೂಕು ಪಟ್ಟಣವೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ದಂತವೈದ್ಯನಾಗಿ ಕೆಲಸ ಮಾಡಿದವನು ನಾನು. "ರಾತ್ರಿಯೆಲ್ಲ ರೆಪ್ಪೆಗೆ ರೆಪ್ಪೆ ಹತ್ತಲಿಲ್ಲ ಡಾಕ್ಟರೇ" ಎಂಬ ಮಾತನ್ನು ಎಷ್ಟು ಸಾವಿರ ಸಲ ಕೇಳಿದೆನೋ ಲೆಕ್ಕವಿಟ್ಟಿಲ್ಲ.

ಇದು ರೋಗಿಯ ಭ್ರಮೆಯಲ್ಲ. ಹೊರಗಿನಿಂದ ಕಲ್ಲಿನಂತೆ ಕಾಣುವ ಹಲ್ಲಿನ ಒಳಗೆ ಜೀವವುಳ್ಳ ಮೆತ್ತನೆಯ ತಿರುಳಿದೆ. ಅದರಲ್ಲಿ ರಕ್ತನಾಳಗಳಿವೆ, ನರಗಳಿವೆ. ಮೈಯ ಬೇರಾವ ಭಾಗಕ್ಕೆ ಉರಿ ಹತ್ತಿದರೂ ಅದು ಊದಿಕೊಂಡು ಒತ್ತಡವನ್ನು ಕಳೆದುಕೊಳ್ಳಬಲ್ಲದು. ಹಲ್ಲಿನ ತಿರುಳಿಗೆ ಆ ಸೌಕರ್ಯವಿಲ್ಲ. ಸುತ್ತಲೂ ಗಟ್ಟಿಗೋಡೆ, ಹೊರದಾರಿ ಎಂದರೆ ಬೇರಿನ ತುದಿಯಲ್ಲಿ ಸೂಜಿಮೊನೆಯಷ್ಟು ಕಿಂಡಿ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುತ್ತದೆ, ಆ ಇಕ್ಕಟ್ಟಿನ ಕೋಣೆಯಲ್ಲಿ ಹಲ್ಲು ನಾಡಿಯಂತೆ ಮಿಡಿಯತೊಡಗುತ್ತದೆ. ಹಗಲಿನ ಗದ್ದಲವೂ ಇಲ್ಲದ್ದರಿಂದ ಮನಸ್ಸೆಲ್ಲ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಆದುದರಿಂದ ಮಧ್ಯರಾತ್ರಿಯ ಹಲ್ಲುನೋವಿಗೆ ಮೊದಲನೆಯ ಉಪಚಾರ ಯಾವ ಡಬ್ಬಿಯಲ್ಲೂ ಇಲ್ಲ: ಎದ್ದು ಕೂರಬೇಕು, ಅಥವಾ ಇನ್ನೆರಡು ದಿಂಬುಗಳನ್ನು ಪೇರಿಸಿಕೊಂಡು ತಲೆಯನ್ನು ಎತ್ತರಿಸಿ ಒರಗಬೇಕು.

ಕೆಟ್ಟ ಹಲ್ಲನ್ನು ನಾವು ಹುಳುಕು ಹಲ್ಲು ಎನ್ನುತ್ತೇವೆ. ಮಾತಿನ ಒಳಗೇ ಹುಳು ಸೇರಿಕೊಂಡಿದೆ. ಹಲ್ಲನ್ನು ಹುಳು ಕೊರೆಯುತ್ತದೆಂಬ ನಂಬಿಕೆ ನಮ್ಮೊಬ್ಬರದೇ ಅಲ್ಲ. ಪ್ರಾಚೀನ ಬ್ಯಾಬಿಲೋನಿಯದ ಮಣ್ಣಿನ ಫಲಕಗಳಲ್ಲಿಯೂ ಅದು ಕಾಣುತ್ತದೆ. 1728ರಲ್ಲಿ ದಂತವೈದ್ಯವನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದ ಫ್ರಾನ್ಸಿನ ಪಿಯರ್ ಫೊಶಾರ್ ಆ ಹುಳುವಿನ ವಾದವನ್ನು ಒಪ್ಪಲಿಲ್ಲ. ಆದರೂ ನನ್ನ ಬಾಲ್ಯದಲ್ಲಿ, ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಅದರ ಹೊಗೆಯನ್ನು ಬಾಯಿಗೆ ಹಿಡಿಸಿ, "ನೋಡು, ಹುಳು ಬಿತ್ತು" ಎಂದು ತೋರಿಸುವವರಿದ್ದರು. ಬಿದ್ದದ್ದು ಬೀಜದ ಮೊಳಕೆಯೋ ಸಿಪ್ಪೆಯೋ. ನಿಜವಾದ ಅಪರಾಧಿ ಕಣ್ಣಿಗೆ ಕಾಣುವಂಥದಲ್ಲ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಮ್ಲವನ್ನು ಹೊರಬಿಡುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ.

ಸರಿ, ಬೆಳಗಾಗುವವರೆಗೆ ಏನು ಮಾಡುವುದು? ಲೋಟದಷ್ಟು ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಬೇಕು. ಹಲ್ಲಿನ ಸಂದಿಯಲ್ಲಿ ಮಾವಿನ ನಾರೋ ಅಡಿಕೆಯ ಚೂರೋ ಸಿಕ್ಕಿಕೊಂಡಿದ್ದರೆ ಶುಭ್ರವಾದ ನೂಲನ್ನು ಮೆಲ್ಲನೆ ಆಡಿಸಿ ತೆಗೆಯಬೇಕು. ನೋವೆಲ್ಲ ಅಷ್ಟಕ್ಕೇ ನಿಂತುಹೋದುದನ್ನು ನಾನು ಕಂಡಿದ್ದೇನೆ. ಪಿನ್ನು, ಸೂಜಿ, ಹೇರ್‌ಪಿನ್ನುಗಳ ಗೊಡವೆ ಬೇಡ. ಲವಂಗದ ವಿಷಯದಲ್ಲಿ ನಮ್ಮ ಅಜ್ಜಿಯರು ಹೇಳಿದ್ದು ಸರಿ. ಅದರಲ್ಲಿರುವ ಯೂಜಿನಾಲ್ ಎಂಬ ಅಂಶ ನರವನ್ನು ಕೊಂಚ ಜೋಮು ಹಿಡಿಸುತ್ತದೆ. ನಾವು ದಂತವೈದ್ಯರೂ ತಾತ್ಕಾಲಿಕವಾಗಿ ಹಲ್ಲು ತುಂಬಲು ಅದನ್ನೇ ಸತುವಿನ ಆಕ್ಸೈಡಿನೊಡನೆ ಕಲಸಿ ಬಳಸುತ್ತ ಬಂದಿದ್ದೇವೆ. ಒಂದು ಲವಂಗವನ್ನು ಆ ಹಲ್ಲಿನ ಬಳಿ ಇಟ್ಟು ಮೆಲ್ಲಗೆ ಕಚ್ಚಿಕೊಳ್ಳಬಹುದು. ಲವಂಗದೆಣ್ಣೆಯಾದರೆ ಕೊಬ್ಬರಿ ಎಣ್ಣೆಯಲ್ಲಿ ತೆಳುಮಾಡಿ, ಹತ್ತಿಯ ತುದಿಗೆ ಸೋಕಿಸಿ, ಕುಳಿಗೆ ಮಾತ್ರ ಮುಟ್ಟಿಸಬೇಕು. ಅಚ್ಚ ಎಣ್ಣೆ ವಸಡನ್ನು ಸುಡುತ್ತದೆ. ಮಕ್ಕಳ ಕೈಗೆ ಆ ಸೀಸೆ ಸಿಗಲೇಬಾರದು. ನುಂಗಿದರೆ ಅದು ವಿಷ.

ಮಾತ್ರೆಗಳಲ್ಲಿ ವಯಸ್ಕರಿಗೆ 500 ಮಿಲಿಗ್ರಾಮಿನ ಪ್ಯಾರಾಸಿಟಮಾಲ್ ಒಂದು ಅಥವಾ ಎರಡು, ಆರು ಗಂಟೆಗಳ ಅಂತರದಲ್ಲಿ; ಒಂದು ಹಗಲು ಒಂದು ರಾತ್ರಿಯಲ್ಲಿ ಎಂಟನ್ನು ಮೀರಬಾರದು. ಯಕೃತ್ತಿನ ತೊಂದರೆಯುಳ್ಳವರು, ಹೆಚ್ಚು ಮದ್ಯಪಾನ ಮಾಡುವವರು ವೈದ್ಯರನ್ನು ಕೇಳದೆ ಅಷ್ಟು ತೆಗೆದುಕೊಳ್ಳಬಾರದು. ಊಟದ ಮೇಲೆ 400 ಮಿಲಿಗ್ರಾಮಿನ ಐಬುಪ್ರೊಫೆನ್ ಹಲ್ಲುನೋವಿಗೆ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಎರಡನ್ನೂ ಕೂಡಿಸಿ ತೆಗೆದುಕೊಂಡರೂ ದೋಷವಿಲ್ಲ. ಆದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಕಾಯಿಲೆ, ಉಬ್ಬಸ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗುವ ಔಷಧಿ ಸೇವಿಸುವವರು ಐಬುಪ್ರೊಫೆನ್ನಿನಿಂದ ದೂರವಿರಬೇಕು. ಮಕ್ಕಳಿಗೆ ಮಾತ್ರೆ ಮುರಿದು ಅಂದಾಜಿನಲ್ಲಿ ಕೊಡಬಾರದು. ಅವರ ತೂಕಕ್ಕೆ ತಕ್ಕ ಪ್ರಮಾಣ ಬೇರೆ.

ಮಾಡಬಾರದುದು ಮಾಡಬೇಕಾದುದಕ್ಕಿಂತ ಹೆಚ್ಚು. ಆಸ್ಪಿರಿನ್ ಮಾತ್ರೆಯನ್ನು ನುಂಗುವ ಬದಲು ವಸಡಿನ ಮೇಲೆ ಒತ್ತಿ ಮಲಗುವವರುಂಟು. ಬೆಳಗಾಗುವಾಗ ಅಲ್ಲಿಯ ಚರ್ಮ ಬಿಳಿಚಿಕೊಂಡು ಸುಲಿದಿರುತ್ತದೆ. ಒಂದು ನೋವಿಗೆ ಎರಡು ನೋವು. ಎಕ್ಕದ ಹಾಲು, ಸುಣ್ಣ, ಹೊಗೆಸೊಪ್ಪು ಇವೂ ಅದೇ ಜಾತಿ. ಹೋದ ವರ್ಷದ ಜ್ವರಕ್ಕೆ ಕೊಟ್ಟು ಉಳಿದಿದ್ದ ಆಂಟಿಬಯಾಟಿಕ್ಕನ್ನು ಹುಡುಕಿ ನುಂಗುವುದು ನಮ್ಮ ಪಟ್ಟಣವಾಸಿ ವಿದ್ಯಾವಂತರ ವಿಶೇಷ. ತಿರುಳಿನ ಉರಿಗೆ ಅದರಿಂದ ಪ್ರಯೋಜನವಿಲ್ಲ. ಕೆನ್ನೆಯ ಮೇಲೆ ಬಿಸಿ ಶಾಖ ಕೊಡುವುದಂತೂ ಬೇಡವೇ ಬೇಡ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯೋ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯೋ ಒಳ್ಳೆಯದು.

ಇನ್ನೊಂದು ಮೋಸವನ್ನು ಹೇಳಬೇಕು. ಎರಡು ದಿನ ಕಾಡಿದ ನೋವು ಮೂರನೆಯ ದಿನ ತಾನಾಗಿ ನಿಂತುಬಿಡುತ್ತದೆ. "ದೇವರು ದೊಡ್ಡವನು" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅನೇಕ ವೇಳೆ ನಿಂತಿರುವುದು ನೋವಲ್ಲ, ತಿರುಳಿನ ಪ್ರಾಣ. ಸತ್ತ ತಿರುಳಿನಿಂದ ಕೀವು ಬೇರಿನ ಕಿಂಡಿಯ ಮೂಲಕ ಮೂಳೆಗೆ ಇಳಿಯುವುದು ಆಮೇಲಿನ ಕಥೆ.

ಆ ಕಥೆಯನ್ನು ನಾನು ಕಲಿತದ್ದು ಪುಸ್ತಕದಿಂದ ಮಾತ್ರವಲ್ಲ. ನನ್ನ ಚಿಕಿತ್ಸಾಲಯದ ಎದುರು ಸಾಲಿನಲ್ಲಿ ಒಬ್ಬ ದರ್ಜಿ ಇದ್ದ. ನನ್ನ ಅಂಗಿಗಳೆಲ್ಲ ಆತ ಹೊಲಿದವು. ಕೆಳದವಡೆಯ ಕೊನೆಯ ಹಲ್ಲು ಆಗಾಗ ಸೆಳೆಯುತ್ತದೆಂದು ಹೇಳುತ್ತಿದ್ದ. "ಹಬ್ಬದ ಹೊಲಿಗೆ ಮುಗಿಯಲಿ ಸ್ವಾಮಿ" ಎಂದು ಮುಂದೂಡುತ್ತಿದ್ದ. ನಾನೂ ಒತ್ತಾಯಿಸಲಿಲ್ಲ. ಆ ಶನಿವಾರ ನಾನು ಬಂಧುಗಳ ಮನೆಯ ಮದುವೆಗೆಂದು ಬಾಗಿಲಿಗೆ ಬೀಗ ಹಾಕಿ, 'ವೈದ್ಯರು ಊರಿನಲ್ಲಿಲ್ಲ' ಎಂಬ ಫಲಕವನ್ನು ತೂಗುಹಾಕಿ ಹೊರಟೆ. ಭಾನುವಾರ ಆತನ ಗಲ್ಲದ ಕೆಳಗೆ ಊತ ಬಂತು. ಮನೆಯವರು ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟರು. ಫಲಕವನ್ನು ನೋಡಿಕೊಂಡು ಎರಡು ಸಲ ಹಿಂದಿರುಗಿದರಂತೆ. ಸೋಮವಾರ ಸಂಜೆ ನಾನು ಬಸ್ಸಿಳಿದು ಬರುವಾಗ ಆತ ನನ್ನ ಮೆಟ್ಟಿಲ ಮೇಲೆ ಮುಂದಕ್ಕೆ ಬಾಗಿ ಕುಳಿತಿದ್ದ. ಕತ್ತು ಎರಡೂ ಕಡೆ ಹಲಗೆಯಂತೆ ಬಿಗಿದಿತ್ತು. ನಾಲಗೆ ಮೇಲಕ್ಕೆದ್ದು ಬಾಯಿ ಮುಚ್ಚಲಾಗದೆ ಜೊಲ್ಲು ಸುರಿಯುತ್ತಿತ್ತು. ಮಾತಾಡಿದರೆ ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ದನಿ.

ಈ ಸ್ಥಿತಿಯನ್ನು 1836ರಲ್ಲಿ ವರ್ಣಿಸಿದವನು ಜರ್ಮನಿಯ ವೈದ್ಯ ವಿಲ್‌ಹೆಲ್ಮ್ ಫ್ರೀಡ್ರಿಕ್ ಫಾನ್ ಲುಡ್‌ವಿಗ್. ಅವನ ಹೆಸರೇ ಅದಕ್ಕೆ ನಿಂತಿದೆ. ಕೆಳದವಡೆಯ ಹಿಂದಿನ ಹಲ್ಲುಗಳ ಬೇರುಗಳು ಬಾಯಿಯ ತಳದ ಸ್ನಾಯುವಿಗಿಂತಲೂ ಕೆಳಗೆ ಇಳಿದಿರುವುದರಿಂದ ಅಲ್ಲಿಯ ಸೋಂಕು ನೇರವಾಗಿ ಕತ್ತಿಗೆ ಹರಿಯುತ್ತದೆ, ನಾಲಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ. ಕೊಲ್ಲುವುದು ಕೀವಲ್ಲ, ಮುಚ್ಚಿಹೋಗುವ ಉಸಿರುದಾರಿ. ದರ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋದೆವು. ಮಲಗಿಸಲಿಲ್ಲ, ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಅಲ್ಲಿ ಗಂಟಲಿಗೆ ರಂಧ್ರ ಮಾಡಿ ನಳಿಗೆಯಿಟ್ಟರು. ಬದುಕಿದ. ಇಂದಿಗೂ ಕಾಲರಿನ ಗುಂಡಿಯನ್ನು ಹಾಕಿಕೊಂಡೇ ತಿರುಗುತ್ತಾನೆ, ಗಾಯದ ಗುರುತು ಕಾಣದಿರಲೆಂದು. ನನ್ನ ಮೇಲೆ ಆತನಿಗೆ ಕೋಪವಿಲ್ಲ. ಅದು ನನಗೆ ಹೆಚ್ಚು ಭಾರವಾಗಿದೆ.

ಹಾಗಾಗಿ ಒಂದು ವಿಷಯದಲ್ಲಿ ನಾನು ಸ್ವಲ್ಪ ಗಡುಸಾಗಿಯೇ ಮಾತನಾಡುತ್ತೇನೆ. ಗಲ್ಲದ ಕೆಳಗೋ ಕಣ್ಣಿನತ್ತಲೋ ಹರಡುವ ಊತ, ಜ್ವರ, ಬಾಯಿ ಎರಡು ಬೆರಳಿನಷ್ಟೂ ತೆರೆಯದಿರುವುದು, ಉಗುಳು ನುಂಗಲಾಗದಿರುವುದು, ಉಸಿರಾಟದ ಕಷ್ಟ: ಇವು ಕಂಡರೆ ದಂತವೈದ್ಯನ ಬಾಗಿಲು ತೆರೆಯಲೆಂದು ಕಾಯಬಾರದು. 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆ ರಾತ್ರಿಯೇ ಹೋಗಬೇಕು. ಮಧುಮೇಹಿಗಳು ಇನ್ನೂ ಬೇಗ. ಮತ್ತೊಂದು ಮಾತು: ಮೆಟ್ಟಿಲು ಹತ್ತುವಾಗ ಕೆಳದವಡೆ ನೋವು ಬಂದು, ಕುಳಿತರೆ ಇಳಿದು, ಜೊತೆಗೆ ಬೆವರೋ ಎದೆಬಿಗಿತವೋ ಇದ್ದರೆ ಅದು ಹಲ್ಲಿನದಲ್ಲ, ಹೃದಯದ್ದಿರಬಹುದು. ಅಂಥವರು ಲವಂಗವನ್ನು ಹುಡುಕುತ್ತ ಕೂರಬಾರದು.

ಇನ್ನು ಬಿದ್ದ ಹಲ್ಲಿನ ಸಮಾಚಾರ. ಹಾಲುಹಲ್ಲು ಬಿದ್ದರೆ ಸೆಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುವುದು ನಮ್ಮಲ್ಲಿ ಪದ್ಧತಿ. ಒಳ್ಳೆಯದೇ, ಪೆಟ್ಟುಬಿದ್ದು ಉದುರಿದರೂ ಹಾಲುಹಲ್ಲನ್ನು ಮರಳಿ ಕೂರಿಸಬಾರದು, ಕೆಳಗೆ ಮೊಳೆಯುತ್ತಿರುವ ಹಲ್ಲಿಗೆ ಹಾನಿ. ಆದರೆ ಹತ್ತು ವರ್ಷದ ಹುಡುಗ ಆಟದ ಬಯಲಿನಲ್ಲಿ ಬಿದ್ದು ಮುಂದಿನ ಶಾಶ್ವತ ಹಲ್ಲನ್ನು ಕಳೆದುಕೊಂಡಾಗ ಅದನ್ನು ಮಾಡಿನ ಮೇಲೆ ಎಸೆದರೆ ಅದು ದುರಂತ. ಒಬ್ಬ ತಾಯಿ ಅಂಥ ಹಲ್ಲನ್ನು ಸಾಬೂನಿನಿಂದ ತಿಕ್ಕಿ ತೊಳೆದು, ಒರೆಸಿ, ಕಾಗದದಲ್ಲಿ ಮಡಿಸಿ ಮರುದಿನ ನನ್ನ ಮುಂದೆ ಇಟ್ಟರು. ಎಷ್ಟು ಜತನ! ಆ ಜತನವೇ ಹಲ್ಲನ್ನು ಕೊಂದಿತ್ತು. ಬೇರಿನ ಮೇಲೆ ಕಣ್ಣಿಗೆ ಕಾಣದ ತೆಳುವಾದ ಜೀವಪದರವಿರುತ್ತದೆ. ಹಲ್ಲು ಮತ್ತೆ ಮೂಳೆಗೆ ಸರಿಯಾಗಿ ಹೊಂದಿಕೊಳ್ಳುವುದು ಅದರಿಂದ. ಒಣಗಲು ಬಿಟ್ಟರೆ ಒಂದು ಗಂಟೆಯೊಳಗೆ ಅದು ಸಾಯುತ್ತದೆ.

ದಂತಾಘಾತಗಳ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಸಾರ ಇಷ್ಟು. ಹಲ್ಲನ್ನು ಬಾಯಿಯಲ್ಲಿ ಕಾಣುವ ಬಿಳಿಯ ಭಾಗದಿಂದಲೇ ಹಿಡಿಯಬೇಕು, ಬೇರನ್ನು ಮುಟ್ಟಬಾರದು. ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನಿನಲ್ಲೋ ಒಂದು ಸಲ ಜಾಲಾಡಿಸಿ, ಅದು ಬಂದ ಕುಳಿಯೊಳಗೇ ಮೆಲ್ಲನೆ ಕೂರಿಸಿ, ಶುಭ್ರವಾದ ಕರವಸ್ತ್ರವನ್ನು ಕಚ್ಚಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹದಿನೈದು ನಿಮಿಷಗಳೊಳಗಾದರೆ ಉತ್ತಮೋತ್ತಮ. ಕೈ ನಡುಗಿ ಕೂರಿಸಲಾಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ತರಬೇಕು. ಎಳನೀರನ್ನೂ ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿದ್ದಾರೆ. ಅದರ ಹುಳಿಗುಣದಿಂದಾಗಿ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ನನ್ನ ಮತ ಹಾಲಿಗೆ. ಬರಿಯ ನೀರು ಒಳ್ಳೆಯದಲ್ಲವಾದರೂ ಒಣಗುವುದಕ್ಕಿಂತ ವಾಸಿ. ಧನುರ್ವಾಯುವಿನ ಚುಚ್ಚುಮದ್ದನ್ನು ಮರೆಯಬಾರದು. ಹುಡುಗನಿಗೆ ಪ್ರಜ್ಞೆ ತಪ್ಪಿತ್ತೆ, ವಾಂತಿಯಾಯಿತೆ ಎಂಬುದನ್ನು ಎಲ್ಲಕ್ಕೂ ಮೊದಲು ವಿಚಾರಿಸಬೇಕು. ಹಾಗಾಗಿದ್ದರೆ ಹಲ್ಲಿಗಿಂತ ತಲೆ ಮುಖ್ಯ.

ಹಲ್ಲು ಕೀಳಿಸಿದ ರಾತ್ರಿ ರಕ್ತ ಒಸರಿದರೆ ಗಾಬರಿ ಸಹಜ. ಜೊಲ್ಲಿನೊಡನೆ ಬೆರೆತ ಎರಡು ಹನಿ ರಕ್ತ ಬಟ್ಟಲು ತುಂಬಿದಂತೆ ಕಾಣುತ್ತದೆ. ಒದ್ದೆ ಮಾಡಿದ ಶುಭ್ರ ಬಟ್ಟೆಯ ಮಡಿಕೆಯನ್ನು ಕುಳಿಯ ಮೇಲಿಟ್ಟು ಅರ್ಧ ಗಂಟೆ ಬಿಗಿಯಾಗಿ ಕಚ್ಚಬೇಕು, ನಡುವೆ ತೆಗೆದು ನೋಡಬಾರದು, ಉಗುಳಬಾರದು, ಮುಕ್ಕಳಿಸಬಾರದು. ಅದಕ್ಕೂ ನಿಲ್ಲದಿದ್ದರೆ ಆಸ್ಪತ್ರೆ. ಹಲ್ಲಿನ ಕವಚ ಕಳಚಿ ಬಿದ್ದರೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ, ಆ ಕಡೆ ಅಗಿಯಬೇಡಿ. ಚಪ್ಪಲಿಗೆ ಹಾಕುವ ಅಂಟನ್ನು ಹಚ್ಚಿಕೊಂಡು ಬಂದವರೊಬ್ಬರನ್ನು ನಾನು ಮರೆತಿಲ್ಲ.

ದರ್ಜಿಯ ಪ್ರಸಂಗವಾದ ಮೇಲೆ ನಾನು ಊರಿನಲ್ಲಿ ಇಲ್ಲದಾಗ ಬರಿಯ ಫಲಕವನ್ನು ತೂಗುಹಾಕುವುದನ್ನು ಬಿಟ್ಟೆ. ಅದರ ಕೆಳಗೆ, ಈಗ ನಿಮ್ಮ ಮುಂದೆ ಹೇಳಿದುದನ್ನೆಲ್ಲ ಸಂಕ್ಷೇಪಿಸಿ, ನನ್ನ ದೊಡ್ಡಕ್ಷರದಲ್ಲಿ ಬರೆದ ಹಾಳೆಯೊಂದನ್ನು ಅಂಟಿಸತೊಡಗಿದೆ. ಮಳೆಗೆ ನೆನೆದು ಹಾಳಾದಾಗಲೆಲ್ಲ ಹೊಸದಾಗಿ ಬರೆಯುತ್ತೇನೆ. ಒಮ್ಮೆ ಎರಡು ದಿನ ಕಳೆದು ಬಂದು ನೋಡಿದರೆ, 'ಹಲ್ಲನ್ನು ಹಾಲಿನಲ್ಲಿ ಇಡಿ' ಎಂಬ ಸಾಲಿನ ಪಕ್ಕದಲ್ಲಿ ಯಾರೋ ಸೀಸದಕಡ್ಡಿಯಿಂದ 'ಹಾಲು ಇಲ್ಲದಿದ್ದರೆ?' ಎಂದು ಬರೆದಿದ್ದರು. ಎಳೆಯ ಕೈಯ ಅಕ್ಷರ. ಪಕ್ಕದ ಶಾಲೆಯ ಮಕ್ಕಳಿರಬೇಕು. ಪ್ರಶ್ನೆ ನ್ಯಾಯವಾದುದೇ. ಆಟದ ಬಯಲಿನಲ್ಲಿ ಹಾಲೆಲ್ಲಿ? ಉತ್ತರ ನನಗೆ ಗೊತ್ತಿತ್ತು, ಬರೆಯಲು ಮಾತ್ರ ಕ್ಷಣಕಾಲ ಅನುಮಾನಿಸಿದೆ. ನಮ್ಮ ಜನಕ್ಕೆ ಆ ಪದದ ಮೇಲೆ ಅಷ್ಟು ಹೇಸಿಗೆ. ಕೊನೆಗೆ ಅದೇ ಸೀಸದಕಡ್ಡಿಯ ಸಾಲಿನ ಕೆಳಗೆ ಬರೆದೆ: 'ಪುಟ್ಟ ಡಬ್ಬಿಯಲ್ಲೋ ಲೋಟದಲ್ಲೋ ಬಿದ್ದವನ ಎಂಜಲನ್ನೇ ಉಗುಳಿಸಿ, ಅದರಲ್ಲಿ ಹಲ್ಲನ್ನು ಹಾಕಿ ತನ್ನಿ. ಅದು ಇಷ್ಟು ದಿನ ಇದ್ದದ್ದೂ ಅದರಲ್ಲಿಯೇ.'