ರಸ್ತೆಯ ಕೆಳಗಿನ ನಾಲೆ



ನನ್ನೂರು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ. ಹೆಸರಿನಲ್ಲೇ ಕಟ್ಟೆಯೂ ಇದೆ, ಮಳಲೂ ಇದೆ. ಮಳಲೆಂದರೆ ಮರಳು. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ ಹುಣಸೂರನ್ನು ಹಾದು ಬರುವ ಲಕ್ಷ್ಮಣತೀರ್ಥ ನದಿಗೆ ನಮ್ಮಲ್ಲಿ ಅಡ್ಡಗಟ್ಟೆ ಹಾಕಿದ್ದಾರೆ. ಅಲ್ಲಿಂದ ಹೊರಟ ಕಾಲುವೆ ಗದ್ದೆಗಳಿಗೆ ನೀರುಣಿಸುತ್ತದೆ. ಮಿಕ್ಕ ನೀರು ಮುಂದೆ ಹರಿದು ಕೃಷ್ಣರಾಜಸಾಗರ ಸೇರುತ್ತದೆ.

ಈಚೆಗೆ ಊರಿನಲ್ಲಿ ಒಂದು ಮಾತು ಎದ್ದಿತು. ಮನೆಗಳ ಹತ್ತಿರ ಹಾಯುವ ಒಂದು ತುಂಡು ಕಾಲುವೆಯಲ್ಲಿ ಕಸ ಕಟ್ಟಿ ವಾಸನೆ ಬರುತ್ತಿದೆ. ಮೇಲೆ ಚಪ್ಪಡಿ ಎಳೆದುಬಿಟ್ಟರೆ ಓಡಾಡಲೂ ಅನುಕೂಲ ಎಂದು. ವಿಜ್ಞಾನ ಓದಿದವನು, ದೂರದರ್ಶನದಲ್ಲಿ ಇರುವವನು ಎಂದು ನನ್ನನ್ನೂ ಕೇಳಿದರು. ಹೆಚ್ಚು ಯೋಚಿಸದೆ ‘ಆಗಲಿ’ ಎಂದುಬಿಟ್ಟೆ.

ಅದೇ ವಾರ ಮನೆಯಲ್ಲಿ ಪೋರ್ಚುಗಲ್ ದೇಶದ ಅವೇರೊ ಎಂಬ ಊರಿನ ಚಿತ್ರ ನೋಡುತ್ತಿದ್ದೆ. ಊರ ನಡುವೆಯೇ ಕಾಲುವೆಗಳು. ಹಿಂದೆ ಗೊಬ್ಬರಕ್ಕಾಗಿ ನೀರಿನ ಜೊಂಡನ್ನು ಹೊರುತ್ತಿದ್ದ ಬಣ್ಣದ ದೋಣಿಗಳು ಈಗ ಪ್ರವಾಸಿಗಳನ್ನು ಹೊರುತ್ತವೆ. ದಂಡೆಯಲ್ಲಿ 20ನೇ ಶತಮಾನದ ಆರಂಭದ, ಬಳ್ಳಿಯಂತೆ ಬಾಗಿದ ಕೆತ್ತನೆಯ ಮನೆಗಳು. ಅಂಗಡಿಗಳಲ್ಲಿ ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ಕಾಯಿಸಿ, ಶಂಖ, ಮೀನುಗಳ ಆಕಾರದ ತೆಳು ಹಾಳೆಯೊಳಗೆ ತುಂಬಿದ ಸಿಹಿ. ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಹುಟ್ಟಿದ ತಿಂಡಿಯಂತೆ ಅದು. ಪಕ್ಕದಲ್ಲಿ ಕುಳಿತಿದ್ದ ಮಗಳು ಕೇಳಿದಳು: “ಅಪ್ಪ, ಮೈಸೂರಲ್ಲೂ ಅರಮನೆ ಇದೆ, ಮೈಸೂರುಪಾಕು ಇದೆ. ಕಾಲುವೆ ಯಾಕಿಲ್ಲ?”

ಉತ್ತರ ನನ್ನಲ್ಲಿ ಇರಲಿಲ್ಲ. ಪುಸ್ತಕ ತಿರುವಿದೆ. ಮುಂದಿನ ಭಾನುವಾರ ಅವ್ವನನ್ನೂ ಮಗಳನ್ನೂ ಕರೆದುಕೊಂಡು ಮೈಸೂರಿಗೆ ಹೊರಟೆ.

ಹುಣಸೂರು ರಸ್ತೆಯಲ್ಲಿ ಬಿಳಿಕೆರೆ, ಇಲವಾಲ ದಾಟಿ ಮೈಸೂರು ಹೊಕ್ಕರೆ ಕುಕ್ಕರಹಳ್ಳಿ ಕೆರೆ ಸಿಗುತ್ತದೆ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದದ್ದು. ಏರಿಯ ಮೇಲೆ ನಿಂತು ಮಗಳಿಗೆ ಹೇಳಿದೆ: ಮೈಸೂರಿಗೂ ಒಂದು ನಾಲೆ ಇತ್ತು. 19ನೇ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಈ ಊರಿಗೆ ತರಲು ನಾಲೆ ತೋಡಿಸತೊಡಗಿದರು. ಕಾವೇರಿ ಬರಲಿಲ್ಲ. ಆದರೆ ತೋಡಿದ ದಾರಿ ವ್ಯರ್ಥವಾಗಲಿಲ್ಲ. ಮಳೆಯ ನೀರನ್ನು ಹೊತ್ತು ಈ ಕೆರೆಗೆ ತುಂಬಿಸಿತು. ಊರು ಬೆಳೆದಂತೆ ಆ ದಾರಿಯ ಮೇಲೆ ಒತ್ತುವರಿಯಾಯಿತು, ಕೆರೆಗೆ ಬರುವ ನೀರು ಕಡಿಮೆಯಾಯಿತು.

ಅವ್ವ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. “ನೀರು ಬರೋ ದಾರೀಲಿ ಮನೆ ಕಟ್ಕೊಂಡ್ರೆ ನೀರು ಎಲ್ಲಿಗೆ ಹೋಯ್ತದಪ್ಪ?” ಎಂದಳು.

ಅಲ್ಲಿಂದ ಅರಮನೆಗೆ ಹೋದೆವು. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಸುಟ್ಟುಹೋಯಿತು. ಈಗಿನದು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆ, 1912ರಲ್ಲಿ ಮುಗಿಯಿತು. ಕಲ್ಯಾಣ ಮಂಟಪದಲ್ಲಿ ನವಿಲುಗಳ ಬಣ್ಣದ ಗಾಜಿನ ಚಾವಣಿ, ಅದನ್ನು ಹೊತ್ತ ಎರಕದ ಕಬ್ಬಿಣದ ಕಂಬಗಳು. ಆ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಕಟ್ಟಡ ಕೆಲಸದ ನಮ್ಮ ‘ಮೇಸ್ತ್ರಿ’ ಎಂಬ ಮಾತು ಪೋರ್ಚುಗೀಸರಿಂದ ಬಂದದ್ದು ಎಂದಾಗ ಮಗಳು ನಂಬಲೇ ಇಲ್ಲ.

ಮಧ್ಯಾಹ್ನ ದೇವರಾಜ ಮಾರುಕಟ್ಟೆಯ ಬದಿಗೆ, ಸಯ್ಯಾಜಿರಾವ್ ರಸ್ತೆಗೆ ಬಂದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರು ಮೈಸೂರುಪಾಕು ಮಾಡಿದರೆಂಬುದು ಪ್ರಸಿದ್ಧ. ಅವರ ವಂಶದವರ ಅಂಗಡಿ ಈ ರಸ್ತೆಯಲ್ಲೇ ಇದೆ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಇಷ್ಟೇ ಸಾಮಾನು. ಗುಟ್ಟೆಲ್ಲ ಪಾಕದಲ್ಲಿದೆ. ಬೆರಳುಗಳ ನಡುವೆ ಎಳೆ ಬರುವಷ್ಟು ಪಾಕವಾದಾಗ ಹಿಟ್ಟು ಸೇರಿಸಿ, ಕಾದ ತುಪ್ಪವನ್ನು ಸ್ವಲ್ಪಸ್ವಲ್ಪವೇ ಸುರಿಯಬೇಕು. ಪಾಕದಲ್ಲಿ ಉಳಿದ ನೀರು ಆವಿಯಾಗಿ ಹೊರಬರುವಾಗ ಸಣ್ಣ ಸಣ್ಣ ಗೂಡುಗಳು ಏಳುತ್ತವೆ. ತಟ್ಟೆಗೆ ಹಾಕಿದ ಮೇಲೂ ನಡುಭಾಗ ಬಿಸಿಯಾಗಿಯೇ ಇರುವುದರಿಂದ ಅಲ್ಲಿ ಕಂದು ಬಣ್ಣ ಹೆಚ್ಚು. ಅವೇರೊದವರೂ ಪಾಕದ ಎಳೆ ನೋಡಿಯೇ ಮೊಟ್ಟೆ ಬೆರೆಸುತ್ತಾರೆ. ನೀರು ಒಂದಿಷ್ಟು ಹೆಚ್ಚಾದರೆ ಗಟ್ಟಿಯಾಗದು, ಕಡಿಮೆಯಾದರೆ ಕಲ್ಲು.

ಮೈಸೂರುಪಾಕು ಬಾಯಲ್ಲಿರುವಾಗಲೇ ಮಗಳಿಗೆ ಹೇಳಿದೆ: “ನೀನು ಕೇಳಿದ ಕಾಲುವೆ ನಿನ್ನ ಕಾಲ ಕೆಳಗೇ ಇದೆ.” ಪೇಟೆಯ ನಡುವೆ ಕೊಳೆ ನಿಂತು ಆರೋಗ್ಯಕ್ಕೆ ಕೆಡುಕಾಗಿದ್ದ ಪೂರ್ಣಯ್ಯನ ನಾಲೆಯನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಮಣ್ಣು ತುಂಬಿ ಮುಚ್ಚಿದರು. ಅದರ ಮೇಲೆ ಎದ್ದ ವಿಶಾಲ ರಸ್ತೆಯೇ ಸಯ್ಯಾಜಿರಾವ್ ರಸ್ತೆ. ಜಂಬೂಸವಾರಿ ಸಾಗುವ ದಾರಿ ಇದೇ. ಈ ರಸ್ತೆಯಲ್ಲಿ ಎಷ್ಟೋ ದಸರಾಗಳಲ್ಲಿ ಕ್ಯಾಮೆರಾ ನಿಲ್ಲಿಸಿದ್ದೇನೆ. ಆನೆಯನ್ನು ತೋರಿಸಿದೆ, ಅಂಬಾರಿಯನ್ನು ತೋರಿಸಿದೆ. ಕೆಳಗೊಂದು ನಾಲೆ ಇತ್ತೆಂಬ ಒಂದು ವಾಕ್ಯವನ್ನು ವ್ಯಾಖ್ಯಾನದಲ್ಲಿ ಎಂದೂ ಸೇರಿಸಲಿಲ್ಲ.

ಅಂದು ಮುಚ್ಚಿದವರನ್ನು ನಾನು ದೂರಲಾರೆ. ಕೊಳೆತ ನೀರಿನಿಂದ ಜನ ಕಾಯಿಲೆ ಬೀಳುವುದನ್ನು ಕಂಡವರು ಅವರು. ಚಂದದ ರಸ್ತೆಯನ್ನೂ ಕೊಟ್ಟರು. ಆದರೆ ಅವೇರೊದ ಇತಿಹಾಸ ಇನ್ನೊಂದು ದಾರಿಯನ್ನು ತೋರಿಸುತ್ತದೆ. 1575ರ ಬಿರುಗಾಳಿಯ ನಂತರ ಮರಳು ತುಂಬಿ ಅದರ ಅಳಿವೆ ಮುಚ್ಚಿತು. ಹಡಗುಗಳು ನಿಂತವು, ನೀರು ಕೊಳೆಯಿತು, ಜನ ಊರು ಬಿಟ್ಟರು. 1808ರಲ್ಲಿ ಅಳಿವೆಯನ್ನು ಹೊಸದಾಗಿ ತೆರೆದ ಮೇಲೆ ಊರು ಚೇತರಿಸಿಕೊಂಡಿತು. ಕೊಳೆತ ನೀರಿಗೆ ಅವರು ಹರಿಯುವ ದಾರಿ ಮಾಡಿಕೊಟ್ಟರು.

ಇಂದು ಮೈಸೂರಿನ ನಲ್ಲಿಗಳಿಗೆ ಕಾವೇರಿ ಬರುತ್ತಿರುವುದು ಪಂಪಿನ ಬಲದಿಂದ. ಕೃಷ್ಣರಾಜಸಾಗರ ಸೇರುವ ನಮ್ಮ ಲಕ್ಷ್ಮಣತೀರ್ಥದ ನೀರೂ ಅದರೊಡನೆ ಬೆರೆತಿರುತ್ತದೆ. ನಮ್ಮೂರಿನಲ್ಲಿ ಎಸೆದ ಕಸ ನಮ್ಮೂರಿನಲ್ಲೇ ಉಳಿಯುವುದಿಲ್ಲ.

ಸಂಜೆ ಊರು ಮುಟ್ಟಿದಾಗ ಕಾಲುವೆಯ ಬಳಿ ಇಳಿದೆವು. ಖಾಲಿಯಾದ ಮಿಠಾಯಿ ಪೊಟ್ಟಣವನ್ನು ಮಗಳು ಎಸೆಯದೆ ಚೀಲಕ್ಕೆ ಹಾಕಿಕೊಂಡಳು. ಮಾರನೆಯ ಬೆಳಿಗ್ಗೆ ಊರಿನವರಲ್ಲಿ ಹೋಗಿ, ‘ಆಗಲಿ’ ಎಂದದ್ದು ನನ್ನ ತಪ್ಪು, ಚಪ್ಪಡಿ ಬೇಡ, ಮೊದಲು ಹೂಳು ತೆಗೆಯೋಣ ಎಂದೆ. ಒಬ್ಬರು ನಕ್ಕರು. “ಹಾಗಾದ್ರೆ ನೀವೂ ಗುದ್ದಲಿ ಹಿಡೀಬೇಕು ಸ್ವಾಮಿ” ಎಂದರು. ಒಪ್ಪಿಕೊಂಡಿದ್ದೇನೆ.

ನಿಮ್ಮೂರಿನಲ್ಲೂ ಯಾವುದೋ ರಸ್ತೆಯ ಕೆಳಗೆ ಒಂದು ನಾಲೆ ಇದ್ದೀತು. ಹಿರಿಯರನ್ನು ಒಮ್ಮೆ ಕೇಳಿ ನೋಡಿ.