ಇಳಿಯುವಾಗ ಮೆಟ್ಟಿಲು ಮೆಟ್ಟಿಲಾಗಿ
(ಸಂಘದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂಭ್ರಮದಲ್ಲಿ ರೋಗದ ಮಾತೇಕೆಂದು ತಾವು ಕೇಳಬಹುದು. ನಾವು ವೈದ್ಯರಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದರೂ ಸಂಧಿವಾತದ ಹಿರಿಯರೊಬ್ಬರನ್ನು ಮನೆಯಲ್ಲಿ ನೋಡಿಕೊಂಡು ಬಂದವರಾದ್ದರಿಂದ, ವೈದ್ಯರಿಂದ ಕೇಳಿ ತಿಳಿದುದನ್ನು ತಮ್ಮ ಮುಂದಿಡುತ್ತೇವೆ.

ಸಂಧಿವಾತ, ಉಬ್ಬಸ, ಕರುಳಿನ ಹುಣ್ಣು ಇವುಗಳಲ್ಲಿ ಕೆಲವು ಬಗೆಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಡಗಿದ್ದು ಮತ್ತೆ ತಲೆಯೆತ್ತುತ್ತವೆ. ಆಗ ಉರಿಯೂತವನ್ನು ಬೇಗ ತಗ್ಗಿಸಲು ವೈದ್ಯರು ಸ್ಟೀರಾಯ್ಡ್ ಕೊಡುವುದುಂಟು. ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ 1948ರಲ್ಲಿ ಡಾಕ್ಟರ್ ಹೆಂಚ್ ಅವರು ಸಂಧಿವಾತದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟರು. ನಡೆಯಲು ಕಷ್ಟಪಡುತ್ತಿದ್ದ ಆಕೆ ಕೆಲವೇ ದಿನಗಳಲ್ಲಿ ನಡೆದಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಆದರೆ ಮದ್ದು ನಿಲ್ಲಿಸಿದರೆ ನೋವು ಮರಳುವುದೆಂಬುದೂ, ಬಹುಕಾಲ ಕೊಟ್ಟರೆ ಬೇರೆ ತೊಂದರೆಗಳು ಬರುವುವೆಂಬುದೂ ಬೇಗನೆ ತಿಳಿಯಿತು.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ರಸವನ್ನು ತಯಾರಿಸುತ್ತವೆ. ಅದು ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾತ್ರೆಗೆ ಸಮ. ಹೊರಗಿನಿಂದ ದಿನವೂ 20, 30 ಮಿಲಿಗ್ರಾಂ ಜಮೆಯಾಗುತ್ತಿದ್ದರೆ ಮನೆಯ ಸಂಪಾದನೆ ಕುಗ್ಗುತ್ತದೆ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಹೀಗೆ ನಡೆದ ಮೇಲೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ, ಹೊರಗಿನ ಜಮೆಯೂ ಇಲ್ಲ, ಒಳಗಿನ ಸಂಪಾದನೆಯೂ ಇಲ್ಲ. ವಿಪರೀತ ಸುಸ್ತು, ವಾಂತಿ, ತಲೆಸುತ್ತು, ರಕ್ತದೊತ್ತಡದ ಕುಸಿತ, ಒಮ್ಮೊಮ್ಮೆ ಪ್ರಾಣಾಪಾಯವೂ ಒದಗಬಹುದು.

ಆದ್ದರಿಂದಲೇ ಮೆಟ್ಟಿಲಿಳಿದಂತೆ ಪ್ರಮಾಣವನ್ನು ಇಳಿಸುತ್ತಾರೆ. ಮೇಲಿನ ಮೆಟ್ಟಿಲುಗಳು ದೊಡ್ಡವು. 5 ಮಿಲಿಗ್ರಾಮಿನ ಸಮೀಪ ಬಂದಂತೆ ಚಿಕ್ಕವಾಗುತ್ತವೆ. ಒಂದೊಂದು ಮಿಲಿಗ್ರಾಂ ಇಳಿಸಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ನಡುವೆ ರೋಗ ಕೆರಳಿದರೆ, ಹಿಂದೆ ಹಿತವಾಗಿದ್ದ ಪ್ರಮಾಣಕ್ಕೆ ಏರಿಸಿ, ಮೆಥೊಟ್ರೆಕ್ಸೇಟ್‌ನಂಥ ಬೇರೊಂದು ಮದ್ದನ್ನು ಜೊತೆಗೂಡಿಸಿ, ಮತ್ತೆ ನಿಧಾನವಾಗಿ ಇಳಿಸುವುದುಂಟು. ಸಂಧಿವಾತಕ್ಕೆ ಆ ಮದ್ದು ವಾರಕ್ಕೊಮ್ಮೆ ಮಾತ್ರ; ದಿನವೂ ನುಂಗಿದರೆ ವಿಷವಾದೀತು. ಮತ್ತೆ ಏರಬೇಕಾಯಿತೆಂದು ಹಿರಿಯರು ಕಣ್ಣೀರಿಡುವುದನ್ನು ನಾವು ಕಂಡಿದ್ದೇವೆ. ಅದು ಅವರ ಸೋಲಲ್ಲ, ರೋಗದ ಸ್ವಭಾವ.

ಹೆದರಿ ಬಿಡುವವರೂ ಉಂಟು. 2021ರಲ್ಲಿ ಕೋವಿಡ್ಡಿನ ಬೆನ್ನಲ್ಲೇ ಕಪ್ಪು ಶಿಲೀಂಧ್ರ ರೋಗ ಬಂದು, ನಮ್ಮ ಕೋಠಿಯ ಇಎನ್‌ಟಿ ಆಸ್ಪತ್ರೆ ರೋಗಿಗಳಿಂದ ತುಂಬಿದಾಗ, ಹತೋಟಿ ತಪ್ಪಿದ ಸಕ್ಕರೆ ರೋಗದೊಡನೆ ಸ್ಟೀರಾಯ್ಡಿನ ಅತಿಬಳಕೆಯೂ ಕಾರಣವೆಂದು ಎಲ್ಲರೂ ಕೇಳಿದೆವು. ಅದು ನಿಜ. ಅದಕ್ಕೆ ಹಿಂದಿನ ವರ್ಷವೇ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡು ಪ್ರಾಣವುಳಿಸುವುದೆಂದು ಬ್ರಿಟನ್ನಿನಲ್ಲಿ ಸಿದ್ಧವಾದುದೂ ಅಷ್ಟೇ ನಿಜ. ಮೃಗಶಿರೆಯ ದಿನ ಮೀನಿನ ಔಷಧಿಗೆಂದು ನಾಂಪಲ್ಲಿ ಮೈದಾನಕ್ಕೆ ಹೋಗುವವರ ನಂಬಿಕೆಯನ್ನು ನಾವು ಹೀಗಳೆಯುವುದಿಲ್ಲ. ಆದರೆ ಅದನ್ನು ನೆಚ್ಚಿ ಇಳಿಕೆಯ ನಡುವೆ ಮಾತ್ರೆ ಬಿಡಬಾರದು. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಾವೇ ಮಾತ್ರೆ ತರುವುದೂ ಸಲ್ಲದು. ಸಕ್ಕರೆ ಏರುವುದು, ಮೂಳೆ ಸವೆಯುವುದು, ಕಣ್ಣಿಗೆ ಪೊರೆ ಬರುವುದು ಇವೆಲ್ಲ ಅದರ ಬಡ್ಡಿ.

ಪಂಜಗುಟ್ಟದ ನಿಜಾಂ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಸಂಧಿರೋಗಗಳಿಗೆ ಪ್ರತ್ಯೇಕ ವಿಭಾಗವಿರುವುದು ಈ ಊರಿನವರ ಭಾಗ್ಯ. ಆದರೆ ಹೊರನಾಡ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ತೆಲುಗಿನಲ್ಲೋ ಹಿಂದಿಯಲ್ಲೋ. ಮಾತ್ರೆ ನುಂಗಬೇಕಾದ ಅಮ್ಮನಿಗೋ ಬೀದರಿನ, ರಾಯಚೂರಿನ ಕನ್ನಡವೊಂದೇ. ಮಗ ಕಚೇರಿಗೆ ಹೋದ ಮೇಲೆ ಆಕೆ ಯಾರನ್ನು ಕೇಳಬೇಕು? ಆದ್ದರಿಂದ ಗೋಡೆಯ ಕ್ಯಾಲೆಂಡರಿನ ಒಂದೊಂದು ತಾರೀಖಿನ ಕೆಳಗೂ ಎಷ್ಟು ಮಾತ್ರೆ ಎಂಬುದನ್ನು ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ ಬರೆದಿಡೋಣ. ಜಾತ್ರೆ, ಮದುವೆಗೆಂದು ಕಾಚಿಗುಡದಲ್ಲಿ ರೈಲು ಹತ್ತುವಾಗ ನಾಲ್ಕು ದಿನದ ಮಾತ್ರೆ ಹೆಚ್ಚಾಗಿಯೇ ಕಟ್ಟಿಕೊಡೋಣ. ಜ್ವರ, ವಾಂತಿ, ಶಸ್ತ್ರಚಿಕಿತ್ಸೆ ಬಂದರೆ ಸ್ಟೀರಾಯ್ಡ್ ನಡೆಯುತ್ತಿದೆಯೆಂದು ಯಾವ ವೈದ್ಯರಿಗಾದರೂ ಮೊದಲೇ ಹೇಳೋಣ; ಆಗ ಪ್ರಮಾಣ ಹೆಚ್ಚಿಸಬೇಕಾಗಬಹುದು.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಹೈದರಾಬಾದನ್ನು ಬಿಟ್ಟು ಕನ್ನಡನಾಡನ್ನು ಸೇರಿದವು. ನಾವು ಅನ್ನಕ್ಕಾಗಿ ಇಲ್ಲಿದ್ದೇವೆ. ಇಲ್ಲಿ ಕನ್ನಡ ಬಾವುಟಕ್ಕಷ್ಟೇ ಅಲ್ಲ, ಮನೆಯ ಮದ್ದಿನ ಪೆಟ್ಟಿಗೆಗೂ ಬೇಕು.